ಅಲ್ಪವಿರಾಮನ ಹನ್ನೆರಡನೆಯ ಲಿನಕ್ಸ್

ಸರಿಯಾಗಿ ನಡೆಯುತ್ತಿರುವ ಯಾವುದನ್ನು ಕಂಡರೂ ಅವನಿಗೆ ಅನುಮಾನ. ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಆತ, ಬಿಟ್ಟುಹೋದ ಒಂದು ಅಲ್ಪವಿರಾಮಕ್ಕಾಗಿ ಓಡುತ್ತಿದ್ದ ಅಚ್ಚಿನ ಯಂತ್ರವನ್ನೇ ನಿಲ್ಲಿಸಿದ ದಿನದಿಂದ ಆ ಚಿಹ್ನೆಯೇ ಅವನ ಹೆಸರಾಯಿತು. ನಡಿಗೆಯೂ ಅದಕ್ಕೆ ತಕ್ಕಂತೆ: ನಾಲ್ಕು ಹೆಜ್ಜೆ ಇಟ್ಟು, ನಿಂತು, ಬೀಗ ಹಾಕಿದೆನೋ ಇಲ್ಲವೋ ಎಂದು ಹಿಂತಿರುಗಿ ನೋಡಿ, ಮತ್ತೆ ನಾಲ್ಕು ಹೆಜ್ಜೆ. ಮೊಣಕೈ ಸವೆದ ಬೂದು ಕೋಟಿನ ಮೇಲುಜೇಬಿನಲ್ಲಿ ಕೆಂಪು ಪೆನ್ನಿನ ಜೊತೆ ಸದಾ ಮೂರು ಪೆನ್‌ಡ್ರೈವುಗಳಿರುತ್ತಿದ್ದವು; ಮೂರರಲ್ಲಿ ಮೂರು ಬಗೆಯ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ.

ಡಿಸ್ಟ್ರೋ ಎಂದು ಕರೆಸಿಕೊಳ್ಳುವ ಇಂಥ ಬಗೆಗಳು ನೂರಾರಿವೆ. ಕೆಲವು ಹಗುರ, ಕೆಲವು ಭಾರ. ಮನೆಯಲ್ಲಿದ್ದ ಹದಿಮೂರು ವರ್ಷದ ಕಂಪ್ಯೂಟರಿನಲ್ಲಿ ಕಾರು ರೇಸಿನ ಆಟವೊಂದು ತಡವರಿಸದೆ ಓಡಬೇಕು, ಇಷ್ಟೇ ಅವನ ಅಭಿಲಾಷೆ. ಆಟ ಅವನಿಗಲ್ಲ, ಅಕ್ಕನಿಗೆ. ಇಪ್ಪತ್ತು ವರ್ಷ ಬಸ್ಸು ಓಡಿಸಿದ ಆಕೆಯ ನೋಟ ಅಂಚುಗಳಿಂದ ಒಳಕ್ಕೆ ಮಂಜಾಗುತ್ತಾ ಬಂದಿತ್ತು. ವರ್ಷದೊಳಗೆ ಪೂರ್ತಿ ಹೋಗಬಹುದೆಂದು ವೈದ್ಯರು ಹೇಳಿ, ಬಸ್ಸು ಬಿಡಿಸಿದ್ದರು. ಪರದೆಯ ಮೇಲಿನ ರಸ್ತೆಯೊಂದೇ ಅವಳ ಪಾಲಿಗೆ ಉಳಿದಿತ್ತು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ತಿರುವು ಬಂದರೆ ಮೈಯನ್ನೂ ವಾಲಿಸುತ್ತಾ, ಅಡ್ಡ ಬಂದ ಕಾರುಗಳಿಗೆ ಡಿಪೋದ ಭಾಷೆಯಲ್ಲೇ ಮಂಗಳಾರತಿ ಮಾಡುತ್ತಾ ಆಡುತ್ತಿದ್ದಳು. ಸೇತುವೆಯ ಬಳಿ ಚಿತ್ರ ಒಂದು ಕ್ಷಣ ತೊದಲಿತು. ಅಲ್ಪವಿರಾಮನ ಮುಖ ಹುಳ್ಳಗಾಯಿತು.

"ಏಳಕ್ಕ, ಬೇರೆ ಹಾಕ್ತೀನಿ."

"ಓಡ್ತಾ ಇದೆಯಲ್ಲೋ ಪುಣ್ಯಾತ್ಮ! ನನ್ನ ಬಸ್ಸು ಇದಕ್ಕಿಂತ ಜಾಸ್ತಿ ಕುಲುಕ್ತಿತ್ತು."

ನಾನಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಇನ್ನೂ ಹಗುರವಾದದ್ದೊಂದು ಬಂದಿದೆಯಂತೆ" ಎಂದು ಅವನ ತಲೆಗೆ ಹುಳ ಬಿಟ್ಟವನು ನಾನೇ.

ಅಲ್ಲಿಂದ ಏಳು ತಿಂಗಳು. ಒಂದಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು ಒಗ್ಗಲಿಲ್ಲ. ಇನ್ನೊಂದರಲ್ಲಿ ಚಿತ್ರ ಬಂತು, ಸದ್ದು ಬರಲಿಲ್ಲ. ಮತ್ತೊಂದರಲ್ಲಿ ಎರಡೂ ಚೆನ್ನಾಗಿದ್ದವು, ಆದರೆ ಅಕ್ಷರಗಳ ಅಂಚು ಈ ಕರಡುತಿದ್ದುವವನ ಕಣ್ಣಿಗೆ ಹಿಡಿಸಲಿಲ್ಲ. ಪ್ರತಿ ಸಲವೂ ಇದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಆರಂಭ. ಸಂಜೆ ಅಕ್ಕ "ಆಯ್ತೇನೋ?" ಎನ್ನುವಳು. "ಇದೊಂದು ನೋಡಿಬಿಡೋಣ ಅಕ್ಕ," ಎನ್ನುವನು ಇವನು.

ಹನ್ನೆರಡನೆಯದು ನಿಜಕ್ಕೂ ನೀರು ಕುಡಿದಷ್ಟು ಸಲೀಸಾಗಿ ಓಡಿತು. ನೋಡಲು ನನ್ನನ್ನೂ ಕರೆದಿದ್ದ. ಕುರ್ಚಿ ಎಳೆದು ಅಕ್ಕನನ್ನು ಕೂರಿಸಿದ. ಅವಳು ಪರದೆಯನ್ನು ಅಂಗೈಯಿಂದ ತಡವಿದಳು. ಬೆಳಕಿದೆ ಎಂಬುದಷ್ಟೇ ತಿಳಿದಿರಬೇಕು. ಕೀಲಿಮಣೆಯನ್ನು ಮೆಲ್ಲನೆ ಅವನತ್ತ ಸರಿಸಿದಳು.

"ನೀನೇ ಓಡಿಸು. ನಾನು ಇಂಜಿನ್ ಸದ್ದು ಕೇಳ್ತೀನಿ."

ಜನ್ಮದಲ್ಲಿ ಯಾವ ವಾಹನವನ್ನೂ ಓಡಿಸದ ಅವನು ಗೋಡೆಗೋಡೆಗೂ ಗುದ್ದುತ್ತಾ ಹೋದ. ಅವಳು ಸದ್ದಿನಿಂದಲೇ ಅಳೆದು, "ಗೇರ್ ಇಳಿಸೋ, ಅವಸರ ಮಾಡಬೇಡ" ಎನ್ನುತ್ತಿದ್ದಳು. ಅವನ ಕೆನ್ನೆ ಒದ್ದೆಯಾದದ್ದು ಅವಳಿಗೆ ಕಾಣಲಿಲ್ಲ. ನನಗೆ ಕಂಡಿತು, ಅಲ್ಲಿ ನಿಲ್ಲಲಾಗದೆ ನಾಚಿಕೆಯಿಂದ ಹೊರಬಂದೆ.

ಇಂಥವರು ಪ್ರೀತಿಯಲ್ಲಿ ಜಿಪುಣರಲ್ಲ. ತಮ್ಮವರಿಗೆ ಕೊಡುವುದರಲ್ಲಿ ಎಳ್ಳಷ್ಟೂ ಕುಂದಿರಬಾರದೆಂಬ ಹಟದಲ್ಲಿ ಕೊಡುವ ದಿನವನ್ನೇ ಮುಂದೂಡುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಏಕೆಂದರೆ, ಇನ್ನೂ ಒಳ್ಳೆಯದೊಂದು ಇದೆಯಂತೆ ಎನ್ನುತ್ತಾ ನನ್ನಂಥವನೊಬ್ಬ ಸದಾ ಅವರ ಪಕ್ಕದಲ್ಲಿ ನಿಂತಿರುತ್ತಾನೆ.