ಇಪ್ಪತ್ಮೂರು ಹೊಲಗಳ ಒಂದೇ ಉಪ್ಪು

ಕುಂದಗೋಳದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಂಪ್ಯೂಟರ್ ಬಂದು ಆಗಿನ್ನೂ ಎರಡು ತಿಂಗಳು. ೧೯೮೯ರ ಆಷಾಢದ ಒಂದು ಬೆಳಿಗ್ಗೆ ಕುಬಿಹಾಳದ ಗೌರಕ್ಕ ಮಣ್ಣಿನ ವರದಿಯ ಎರಡು ಚೀಟಿ ಹಿಡಿದು, ಕಂಪ್ಯೂಟರ್ ನೋಡಿಕೊಳ್ಳುವ ಹಜರತಅಲಿಯ ಮೇಜಿನ ಮುಂದೆ ನಿಂತಳು. ಒಂದು ಅವಳದು, ಇನ್ನೊಂದು ಪಕ್ಕದ ಹೊಲದ ಈರಪ್ಪನದು.

"ಅಲಿಸಾಬ್ರ, ನನ್ನ ಹೊಲ ಸವಳು ಅಂತ ಬರದೀರಿ. ಮಡಿಯಾಗ ಮೆಣಸಿನ ಅಗಿ ಗೇಣುದ್ದ ಆಗ್ಯಾವು. ಹಚ್ಚಲೋ, ಕಿತ್ತು ಒಗೀಲೋ?"

"ಕಂಪ್ಯೂಟರ್ ಹಂಗ ಹೇಳೇತಲ್ರಿ, ಅಕ್ಕಾರ."

"ಅದಕ್ಕ ನಾಲಿಗಿ ಐತೇನ್ರಿ? ನಾ ಮಣ್ಣು ನೆಕ್ಕಿ ನೋಡೀನಿ. ಉಪ್ಪಿಲ್ಲ, ಏನಿಲ್ಲ. ಈರಪ್ಪನ ಚೀಟೀನೂ ಓದಿಸೀನಿ, ನನ್ನಂಗ ಐತಂತ. ಹೊಲಾನೂ ಅವಳಿ ಹುಟ್ಟತಾವೇನು?"

ಹಜರತಅಲಿ ನಗಲು ಹೋಗಿ ತಡೆದ. ಎರಡು ಚೀಟಿಯಲ್ಲೂ ಉಪ್ಪಿನ ಅಂಕಿ ಐದೂವರೆ; ನಾಲ್ಕು ದಾಟಿದರೆ ಸವಳು, ಅಂದರೆ ಉಪ್ಪು ಮಣ್ಣು. ಕಪಾಟಿನಿಂದ ಕುಬಿಹಾಳದ ನಕಲುಗಳನ್ನು ತೆಗೆದ. ಇಪ್ಪತ್ಮೂರು ಹೊಲ, ಇಪ್ಪತ್ಮೂರಕ್ಕೂ ಐದೂವರೆ.

ಒಂದೊಂದೇ ಹೊಲದ ವಿವರ ತುಂಬುವಾಗ ಪರದೆಯ ಮೇಲೆ ಎಲ್ಲ ಸರಿಯಾಗಿ ಕಂಡಿತ್ತು. ಕೊನೆಗೆ ಒಟ್ಟಿಗೆ ಚೀಟಿ ತೆಗೆದಿದ್ದ. ಈಗ ತಾನು ಬರೆದ ಪ್ರೋಗ್ರಾಮನ್ನೇ ಬಿಚ್ಚಿ ಕೂತ. 'ಹೊಲ' ಎಂಬುದೊಂದು ಅಚ್ಚು. ಆ ಅಚ್ಚಿನಿಂದ ಒಬ್ಬೊಬ್ಬ ರೈತನಿಗೂ ಒಂದೊಂದು ಹೊಲ ತಯಾರಾಗುತ್ತಿತ್ತು. ಕೇಂದ್ರದ ಹೆಸರಿನ ಹಿಂದೆ ಅವನು 'ಸ್ಟ್ಯಾಟಿಕ್' ಎಂದು ಬರೆದಿದ್ದ. ಹೊಲ ಎಷ್ಟೇ ಇರಲಿ, ಆ ಮಾತು ಹಚ್ಚಿದ್ದಕ್ಕೆ ಜಾಗ ಒಂದೇ, ಅದು ಎಲ್ಲರಿಗೂ ಸೇರಿದ್ದು. ಕೇಂದ್ರ ಒಂದೇ ಆದ್ದರಿಂದ ಅದು ಸರಿ. ಆದರೆ ಕೆಳಗಿನ ಸಾಲಿನಲ್ಲಿ, ಉಪ್ಪಿನ ಹಿಂದೆಯೂ ಅದೇ ಮಾತು! ಕಂಪ್ಯೂಟರಿನ ಜಾಗ ಉಳಿಸಲೆಂದು ತಾನೇ ಹಾಕಿದ್ದು. ಒಂದು ಸಂಬಳದಲ್ಲಿ ಮೂರು ಮಕ್ಕಳನ್ನು ಸಾಕುವವನ ಕೈ. ಕಂಡಲ್ಲೆಲ್ಲ ಉಳಿಸಲು ಹೋಗುತ್ತದೆ.

"ಏನಾತ್ರಿ?"

"ಎಲ್ಲಾರ ಹೊಲದ ಉಪ್ಪೂ ಒಂದ ಜಾಗಾದಾಗ ಬರದೀನ್ರಿ. ಒಬ್ಬರದು ಬರದಂಗ ಹಿಂದಿನವರದು ಅಳಿಸೇತಿ. ಕಡೀಕ ಬರದದ್ದು ಹಳ್ಳದ ದಂಡಿ ಹೊಳೆಪ್ಪಂದು. ಅದ ಎಲ್ಲಾರಿಗೂ ಬಂದೈತಿ. ತಪ್ಪು ನಂದ."

ಆ ಒಂದು ಮಾತನ್ನು ಅಳಿಸಿದ. ಪರೀಕ್ಷೆಯ ದಾಖಲೆ ಪುಸ್ತಕ ತೆರೆದು ಇಪ್ಪತ್ಮೂರು ಅಂಕಿಗಳನ್ನೂ ಮತ್ತೆ ತುಂಬಿದ. ಗೌರಕ್ಕನ ಹೊಲದ ಉಪ್ಪು ಒಂದರ ಅರ್ಧಕ್ಕಿಂತಲೂ ಕಡಿಮೆ.

"ಹಚ್ಚರಿ ಅಕ್ಕಾರ, ಅಂಜಬ್ಯಾಡ್ರಿ."

ಅವಳು ಹೊಸ ಚೀಟಿ ಇಸಿದುಕೊಂಡಳು, ಆದರೆ ಕದಲಲಿಲ್ಲ. "ನಂದೊಂದ ಬದಲಾದ್ರ ಯಾರು ನಂಬತಾರ್ರಿ? ಅಲಿಸಾಬಗ ಚಾ ಕುಡಿಸಿ ಬರಸ್ಕೊಂಡ ಬಂದ್ಲು ಅಂತಾರ. ನಾಳೆ ನನ್ನ ಕೂಡ ಆಳು ಬರಬೇಕಲ್ಲ, ಅಗಿ ಹಚ್ಚಾಕ? ಎಲ್ಲಾರದೂ ಕೊಡ್ರಿ."

ಪ್ರಿಂಟರ್ ಕಿರಿಚುತ್ತ ಒಂದೊಂದೇ ಚೀಟಿ ಹೊರಗೆ ತಳ್ಳಿತು. ಒಂದರಂತೆ ಒಂದಿಲ್ಲ. ಕೊನೆಯದು ಹೊಳೆಪ್ಪನದು. ಅದು ಮಾತ್ರ ಮೊದಲಿನಂತೆಯೇ, ಐದೂವರೆ.

ಹಜರತಅಲಿ ಓದಿ ಹೇಳಿದಾಗ ಗೌರಕ್ಕ ಚೀಟಿ ಜೋಡಿಸುವುದನ್ನು ನಿಲ್ಲಿಸಿದಳು. "ನಿನ್ನೆ ಕಟ್ಟಿ ಮ್ಯಾಲೆ ನಕ್ಕೋತ ಕುಂತಿದ್ದ, ಪಾಪ. ಇಡೀ ಊರದ್ದ ಹಂಗ ಐತಿ, ನಂದೊಂದ ಏನು ಅಂತ."

ಆ ಚೀಟಿಯನ್ನು ಬೇರೆ ಮಾಡಿ ಮೇಜಿನ ಮೇಲಿಟ್ಟಳು. "ಇದನ್ನ ನಾ ಒಯ್ಯಂಗಿಲ್ರಿ."

ಉಳಿದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟಳು. ಹಜರತಅಲಿ ಚೀಟಿ ನೋಡುತ್ತ ಕೂತ. ನಿನ್ನೆಯವರೆಗೆ ಊರೆಲ್ಲ ಹೊತ್ತ ಉಪ್ಪು ಇನ್ನು ಒಬ್ಬನದೇ. ಉಪ್ಪುನೀರು ಹರಿದುಹೋಗಲು ಬಸಿಗಾಲುವೆ ತೆಗೆಸಿದರೆ ಆ ಹೊಲವೂ ಸುಧಾರಿಸೀತು. ಆದರೆ ಅದನ್ನು ಚೀಟಿ ಹೇಳಲಾರದು.

ಯಂತ್ರ ಆರಿಸಿ, ಹೊಳೆಪ್ಪನ ಚೀಟಿ ಜೇಬಿಗೆ ಹಾಕಿಕೊಂಡು ಬಾಗಿಲಿಗೆ ಓಡಿದ.

"ನಿಲ್ರಿ ಅಕ್ಕಾರ, ನಾನೂ ಬಂದೆ."