ಮುನಿಯಪ್ಪನ ಹಾಡು ಯಾವುದು?

ಚಪ್ಪರದವರು, ಅಡುಗೆಯವರು, ವಾಲಗದವರು ಎಲ್ಲ ಗೊತ್ತಾದ ಮೇಲೆ, ಇನ್ನು ನಿಶ್ಚಿಂತೆ ಎಂದು ವಕ್ಕಲೇರಿಯ ಕದಿರಪ್ಪ ಜಗಲಿ ಮೇಲೆ ಕಾಲು ಚಾಚಿದ್ದೇ ತಡ, ಮದುಮಗಳು ಬಂದು ಅವನ ತಲೆಯಲ್ಲಿ ಹುಳ ಬಿಟ್ಟಳು.

"ದೊಡ್ಡಪ್ಪ, ಅಪ್ಪನ ಹಾಡು ಯಾವ್ದು?"

ಕದಿರಪ್ಪ ಚಾಚಿದ ಕಾಲು ಮಡಚಿಕೊಂಡ.

ರತ್ನ ಅವನ ತಮ್ಮ ಮುನಿಯಪ್ಪನ ಮಗಳು. ಅವಳು ಇನ್ನೂ ಒಂದನೇ ಕ್ಲಾಸಿನಲ್ಲಿದ್ದಾಗ ಮುನಿಯಪ್ಪ ಕಾಮಾಲೆಯಾಗಿ ತೀರಿಕೊಂಡಿದ್ದ. ಅಪ್ಪ ಎಂದರೆ ಅವಳ ಪಾಲಿಗೆ ಉಳಿದದ್ದು ಒಂದು ಮಬ್ಬು ಫೋಟೋ, ಮತ್ತೆ ಮನೆಯವರೆಲ್ಲ ಹೇಳಿ ಹೇಳಿ ಸವೆಸಿದ್ದ ಒಂದು ಕಥೆ. ಸಿಲ್ವರ್ ಲ್ಯಾಂಪ್ಸ್ ಆರ್ಕೆಸ್ಟ್ರಾದ ಜಾನಿ ಜಾತ್ರೆಯಷ್ಟು ಜನ ಕೂತಿದ್ದಾಗ ಮೈಕಿನಲ್ಲಿ 'ನನ್ನ ಸ್ನೇಹಿತ ಮುನಿಯಪ್ಪನಿಗೋಸ್ಕರ' ಎಂದು ಕೂಗಿ ಒಂದು ಹಾಡು ಹಾಡಿದ್ದನಂತೆ. ನಿನ್ನ ಮದುವೆಯಲ್ಲಿ ಅದೇ ಜಾನಿಯ ಬಾಯಲ್ಲಿ ಅದೇ ಹಾಡು ಹಾಡಿಸ್ತೀನಿ ಎಂದು ಕದಿರಪ್ಪ ಮಾತು ಕೊಟ್ಟಿದ್ದ. ಮಾತು ಕೊಡುವುದಕ್ಕೇನು, ನಾಲಿಗೆಗೆ ಎಲುಬಿಲ್ಲ. ಆ ಹಾಡು ಯಾವುದೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಆ ರಾತ್ರಿ ಅವನು ಅಲ್ಲಿರಲೇ ಇಲ್ಲ.

"ಹೇಳ್ತೀನಿ ಬಿಡಮ್ಮ," ಎಂದು ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದ. ಹಾಡು ಕೇಳಿದ್ದ ಗೆಳೆಯರಿಬ್ಬರೂ ಈ ದಿನಗಳಲ್ಲಿ ಅಲ್ಲಿನ ಮಾವಿನ ಮಂಡಿಯಲ್ಲಿ ಸಿಗುತ್ತಿದ್ದರು. ಅದೇನು ದೊಡ್ಡ ವಿಷಯ, ಹೋಗಿ ಕೇಳಿಕೊಂಡು ಬಂದರಾಯಿತು ಎಂದುಕೊಂಡಿದ್ದ ಪಾಪ.

ಸಿಲ್ವರ್ ಲ್ಯಾಂಪ್ಸ್ ಎಂದರೆ ಚಿನ್ನದ ಗಣಿಯ ಹುಡುಗರು. ಹಗಲು ತಲೆಗೆ ದೀಪ ಕಟ್ಟಿಕೊಂಡು ಭೂಮಿಯೊಳಗಿಳಿಯುವವರು, ಸಂಜೆ ಎಲೆಕ್ಟ್ರಿಕ್ ಗಿಟಾರು ಹಿಡಿಯುತ್ತಿದ್ದರು. ಎಪ್ಪತ್ತೊಂದನೇ ಇಸವಿಯಲ್ಲಿ ಕೋಲಾರದ ಗಣೇಶನ ಪೆಂಡಾಲಿಗೆ ಮೊದಲ ಸಲ ಬಂದಾಗ ಅವರ ಬೆಲ್‌ಬಾಟಮ್ಮು, ಹೆಗಲಿಗಿಳಿದ ಕೂದಲು ನೋಡಿಯೇ ಅರ್ಧ ಜನ ನಕ್ಕರು. ಗಿಟಾರು ಒಂದು ಸಲ ಕಿರುಚಿದ ಮೇಲೆ ನಗು ನಿಂತಿತು. ಹಾಡೆಲ್ಲ ಇಂಗ್ಲಿಷು. ಕದಿರಪ್ಪ, ಅವನ ತಮ್ಮ, ಕೋದಂಡರಾಮಪ್ಪ, ಆವಲಪ್ಪ, ಈ ನಾಲ್ವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗಬೇಕೆಂದು ಇವರು ಕೇಳಿದವರೂ ಅಲ್ಲ. ಅವತ್ತಿನಿಂದ ಹಿಡಿದ ಹುಚ್ಚು ಹದಿನೈದು ವರ್ಷ ಬಿಡಲಿಲ್ಲ. ಮುಳಬಾಗಿಲು, ಮಾಲೂರು, ಗೌನಿಪಲ್ಲಿ, ಎಲ್ಲಿ ಜಾನಿಯ ಸ್ಟೇಜು ಎದ್ದರೂ ಇವರು ಹಾಲಿನ ವ್ಯಾನೋ ಮಾವಿನ ಲಾರಿಯೋ ಹಿಡಿದು ಹಾಜರು. ಮುಂದೆ ಗಣೇಶನ ಕಮಿಟಿಯವರ ಕಾಟಕ್ಕೆ ಜಾನಿ ಕನ್ನಡ, ತೆಲುಗು ಸಿನಿಮಾ ಹಾಡೂ ಸೇರಿಸಿಕೊಂಡ. ಇವರು ಅದನ್ನು ಸಹಿಸಿಕೊಂಡು ಇಂಗ್ಲಿಷು ಬರುವವರೆಗೆ ಕಾಯುತ್ತಿದ್ದರು. ಹೆಂಡಿರು ಬೈದರು, ಊರವರು ನಕ್ಕರು, ಇವರ ಕೂದಲು ನರೆಯಿತು.

ಮಂಡಿಯಲ್ಲಿ ಕೋದಂಡರಾಮಪ್ಪ ಹುಲ್ಲು ಹಾಸಿದ ಕಾಯಿರಾಶಿಯ ಪಕ್ಕ ಕೂತಿದ್ದ. ಅವನದೇ ಮಂಡಿ. ಗೌನಿಪಲ್ಲಿ ಕಡೆಯಿಂದ ಕಾಯಿ ತಂದಿದ್ದ ಆವಲಪ್ಪ ಮರದ ಪೆಟ್ಟಿಗೆ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಏಮ್ರಾ ಕದಿರಪ್ಪಾ, ಮದ್ವೆ ಮನೆಯೋನು ಇಲ್ಲೇನ್ಲಾ ಮಾಡ್ತಿದ್ದೀಯ?" ಎಂದ ಕೋದಂಡರಾಮಪ್ಪ.

ಕದಿರಪ್ಪ ವಿಷಯ ಹೇಳಿದ.

"ಅಷ್ಟೇನಾ! ನಮ್ಮ ಶ್ರೀನಿವಾಸಪುರದ ಗಣೇಶ ಕಣೋ ಅದು, ಎಪ್ಪತ್ನಾಲ್ಕು. ನಾನು ಮುನಿಯ ಅಕ್ಕಪಕ್ಕ ಕೂತಿದ್ವಿ. ಕುಣಿಯೋ ಹಾಡು. ಮಧ್ಯದಲ್ಲಿ ಡ್ರಮ್ಮಿನೋನು ಒಬ್ನೇ ಬಡೀತಾನಲ್ಲ, ಅದು."

"ಶ್ರೀನಿವಾಸಪುರವಾ?" ಆವಲಪ್ಪ ಟೀ ಕೆಳಗಿಟ್ಟ. "ಲೇ, ನಿಂಗೆ ಮತಿ ಕೆಟ್ಟೈತಾ? ಮುಳಬಾಗಿಲು ಕಣೋ. ನಾನೂ ಅವ್ನೂ ಇಬ್ರೇ ಹೋಗಿದ್ದು. ಅಳು ಬರೋಂಥ ನಿಧಾನದ ಹಾಡು. ನಾನು ಅತ್ತಿದ್ದೆ."

"ನೀನು ಯಾವ ಹಾಡಿಗೆ ಅತ್ತಿಲ್ಲ ಹೇಳು?"

"ಕೋದಂಡ, ಗಣೇಶನ ಮೇಲಾಣೆ. ಮುಳಬಾಗಿಲು."

"ನಾನೂ ಅದೇ ಗಣೇಶನ ಮೇಲೆ ಆಣೆ ಇಡ್ತೀನಿ. ಶ್ರೀನಿವಾಸಪುರ."

ಹದಿನಾಲ್ಕು ವರ್ಷ ಇವರಿಬ್ಬರೂ ಈ ಕಥೆಯನ್ನು ಒಟ್ಟಿಗೇ ಹೇಳಿದ್ದರು. ಒಬ್ಬ ಶುರು ಮಾಡುವುದು, ಇನ್ನೊಬ್ಬ ಮುಗಿಸುವುದು. ಯಾವ ಊರೆಂದು ಯಾರೂ ಕೇಳಿರಲಿಲ್ಲ, ಇಬ್ಬರೂ ಹೇಳಿರಲಿಲ್ಲ. ಈಗ ನೋಡಿದರೆ ಇಬ್ಬರ ಕೈಯಲ್ಲಿ ಎರಡು ಬೇರೆ ಬೇರೆ ರಾತ್ರಿಗಳಿದ್ದವು. ಕದಿರಪ್ಪನಿಗೆ ಇಬ್ಬರನ್ನೂ ಕಾಯಿರಾಶಿಯಲ್ಲಿ ಹೂತುಬಿಡುವಷ್ಟು ಸಿಟ್ಟು ಬಂತು.

"ಮುನಿಯ ಏನಂತಿದ್ದ?" ಎಂದ.

ಮುನಿಯಪ್ಪ ಏನೂ ಅನ್ನುತ್ತಿರಲಿಲ್ಲ. ಆ ಕಥೆ ಎತ್ತಿದಾಗಲೆಲ್ಲ ತಲೆ ತಗ್ಗಿಸಿ ನಗುತ್ತಿದ್ದ, ಅಷ್ಟೇ.

ಕದಿರಪ್ಪ ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಬಂದ. ಆ ಎಪ್ಪತ್ನಾಲ್ಕರ ಗಣೇಶನ ದಿನಗಳುದ್ದಕ್ಕೂ ಅವನು ಹುಳುಮನೆ ಬಿಟ್ಟು ಕದಲಿರಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆ ಹೊತ್ತಿನಲ್ಲಿ ಅವಕ್ಕೆ ಹಗಲಿಲ್ಲ ರಾತ್ರಿಯಿಲ್ಲ, ಸೊಪ್ಪು ಹಾಕುತ್ತಲೇ ಇರಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಇರಲೇಬೇಕಾಗಿತ್ತು. ನೀನು ಚಿಕ್ಕವನು, ಹೋಗಿ ಬಾ ಎಂದು ಇವನೇ ಕಳಿಸುತ್ತಿದ್ದ. ಕಳಿಸಿ, ಒಳಗೊಳಗೇ ಹೊಟ್ಟೆ ಉರಿದುಕೊಂಡು ಸೊಪ್ಪು ಕತ್ತರಿಸುತ್ತಿದ್ದ.

ತಮ್ಮನ ಹೆಂಡತಿ ಶಾಮಲಮ್ಮ ಹಪ್ಪಳ ಒಣಹಾಕುತ್ತಿದ್ದಳು. ಸುಮ್ಮನೆ ಒಂದು ಮಾತು ಇರಲಿ ಎಂದು ಅವಳನ್ನೂ ಕೇಳಿದ.

"ಮಾಲೂರಲ್ವಾ ಭಾವ?" ಎಂದಳು.

ಕದಿರಪ್ಪ ಅಲ್ಲೇ ಕುಕ್ಕರಿಸಿದ.

"ನಮ್ಮ ತೌರಿಗೆ ಹೋಗಿದ್ವಲ್ಲ, ಆವಾಗ. ನಾವು ಹೆಂಗಸ್ರು ಹಗ್ಗದ ಈಚೆ ಕೂತಿದ್ವಿ. ಏನೋ ಹೆಸ್ರು ಕೂಗಿದ್ರು, ಇವ್ರದೇ ಅಂದ್ಕೊಂಡೆ. ಅಷ್ಟೊತ್ತಿಗೆ ರತ್ನ ರಚ್ಚೆ ಹಿಡಿದ್ಳು, ಎತ್ಕೊಂಡು ಆಚೆ ಬಂದ್ಬಿಟ್ಟೆ."

"ಹಾಡು ಯಾವ್ದಮ್ಮ?"

"ಹಾಡೆಲ್ಲಿ ಬಂತು ಭಾವ? ಬರೀ ತಂತಿ ಮೀಟ್ತಿದ್ದಿದ್ದು ಕೇಳಿಸ್ತು."

ಮೂರು ಜನ, ಮೂರು ಊರು, ಮೂರು ಹಾಡು. ಅದರಲ್ಲಿ ಒಂದು ಹಾಡೇ ಅಲ್ಲ. ಮೂವರೂ ಸುಳ್ಳು ಹೇಳುವವರಲ್ಲ. ಆ ರಾತ್ರಿ ನಡೆದೇ ಇರಲಿಲ್ಲವೋ ಏನೋ ಎಂಬ ಅನುಮಾನ ಮೊದಲ ಸಲ ಅವನ ಎದೆಗೆ ಚುಚ್ಚಿತು. ಹಾಗಾದರೆ ಈ ಹುಡುಗಿಗೆ ಇಷ್ಟು ವರ್ಷ ಕೊಟ್ಟದ್ದೇನು?

ಮರುದಿನ ಬೆಳಿಗ್ಗೆಯೇ ಕೋಲಾರಕ್ಕೆ ಹೋದ. ಸಿಲ್ವರ್ ಲ್ಯಾಂಪ್ಸ್ ನಿಂತು ಎರಡು ವರ್ಷವಾಗಿತ್ತು. ಜಾನಿ ಕ್ಲಾಕ್ ಟವರಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಹೆಗಲಿಗಿಳಿದಿದ್ದ ಕೂದಲು ಎಲ್ಲಿ ಹೋಯಿತೋ, ತಲೆ ಬೋಳಾಗಿ ಹೊಳೆಯುತ್ತಿತ್ತು. ಮದುವೆಗೆ ಬಾರಿಸಬೇಕು ಎಂದಾಗ ಕನ್ನಡಕ ಮೇಲೆತ್ತಿ, "ನಮ್ಮನ್ನ ಇನ್ನೂ ಯಾರಾದ್ರೂ ಕರೀತಾರಾ ಸಾರ್?" ಎಂದು ನಾಚಿಕೊಂಡ. ಡ್ರಮ್ಮಿನವನು ಇದ್ದಾನೆ, ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತೇನೆ, ಖಂಡಿತ ಬರುತ್ತೇನೆ ಎಂದ.

ಕದಿರಪ್ಪ ಆಮೇಲೆ ಕೇಳಿದ. ಎಪ್ಪತ್ನಾಲ್ಕು, ಗಣೇಶನ ಹಬ್ಬ. 'ನನ್ನ ಸ್ನೇಹಿತ ಮುನಿಯಪ್ಪನಿಗೋಸ್ಕರ' ಎಂದು ನೀವು ಕೂಗಿ ಹಾಡಿದ್ದು ಯಾವ ಊರಲ್ಲಿ? ಯಾವ ಹಾಡು?

ಜಾನಿ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟ.

"ಸಾರ್, ಬೇಜಾರು ಮಾಡ್ಕೋಬೇಡಿ. ಆ ವರ್ಷ ಎಲ್ಲಾ ಊರಲ್ಲೂ ಕೂಗಿದ್ದೆ."

"ಎಲ್ಲಾ ಊರಲ್ಲೂ?"

"ಇಂಗ್ಲಿಷ್ ಹಾಡಿಗೆ ಜನ ಎದ್ದೆದ್ದು ಹೋಗ್ತಿದ್ರು. ನಮ್ಮ ಮ್ಯಾನೇಜರು ಒಂದು ಐಡಿಯಾ ಕೊಟ್ಟ. ಈ ಸೀಮೇಲಿ ಮುನಿಯಪ್ಪ ಇಲ್ದಿರೋ ಪೆಂಡಾಲು ಇರತ್ತಾ? ಹೆಸರು ಕೂಗಿದ್ರೆ ಹತ್ತು ಜನ ಎದ್ದು ನಿಲ್ತಾರೆ, ಅವ್ರ ಕಡೆಯೋರು ನೂರು ಜನ ಶಿಳ್ಳೆ ಹಾಕ್ತಾರೆ. ಆಮೇಲೆ ಯಾವ ಹಾಡಾದ್ರೂ ನಡೆಯತ್ತೆ. ಕೊನೆಗೆ ಒಂದೂರಲ್ಲಿ ಇಬ್ರು ಮುನಿಯಪ್ಪಂದಿರು ಹಾಡು ನಂದು ನಂದು ಅಂತ ಹೊಡೆದಾಡಿದ್ರು. ಅಲ್ಲಿಗೆ ಬಿಟ್ವಿ."

ಕದಿರಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬೋಳು ತಲೆಯ ಮೇಲೆ ಒಂದು ಮೊಟಕಬೇಕು ಎನ್ನಿಸಿತು. ಹಾಗಾದರೆ ಕೋದಂಡರಾಮಪ್ಪನೂ ನಿಜ, ಆವಲಪ್ಪನೂ ನಿಜ, ಶಾಮಲಮ್ಮನೂ ನಿಜ. ಮೂರು ಕಡೆಗೂ ಹೋಗಿದ್ದವನು ಮುನಿಯಪ್ಪ ಒಬ್ಬನೇ. ಮೂರು ಸಲವೂ ತನ್ನ ಹೆಸರು ಕೇಳಿದ್ದವನು. ಗುಟ್ಟು ತಿಳಿದೂ ಗೆಳೆಯರ ಸಂತೋಷ ಕೆಡಿಸಬಾರದೆಂದು ಸುಮ್ಮನೆ ನಕ್ಕಿದ್ದವನು. ಅದು ಹೊಳೆದಾಗ ತಮ್ಮನ ಮೇಲೆ ಅವನಿಗೆ ಉಕ್ಕಿಬಂದ ಪ್ರೀತಿ ಅಷ್ಟಿಷ್ಟಲ್ಲ. ಆದರೆ ರತ್ನಳಿಗೆ ಏನು ಹೇಳುವುದು?

ಅವನು ಎದ್ದು ಬಾಗಿಲವರೆಗೆ ಬಂದಿದ್ದ. ಜಾನಿ ಹಿಂದಿನಿಂದ ಕರೆದ.

"ಒಂದು ಸಲ ಮಾತ್ರ ಬೇರೆ ಥರ ಆಯ್ತು ಸಾರ್. ಒಬ್ಬ ಸೀದಾ ಸ್ಟೇಜಿನ ಹತ್ರ ಓಡಿ ಬಂದ. ಮುನಿಯಪ್ಪ ಅಂತ ದಿನಾ ಕೂಗ್ತೀರಲ್ಲ, ಇವತ್ತು ಅದು ಬೇಡ. ನಮ್ಮಣ್ಣ ಮನೇಲವ್ನೆ, ಬರೋಕಾಗಿಲ್ಲ, ಅವ್ನ ಹೆಸ್ರು ಕೂಗಿ ಅಂದ. ಕೂಗಿದೆ. ಒಬ್ರೂ ಏಳ್ಲಿಲ್ಲ. ಅವ್ನೊಬ್ನೇ ನಿಂತ್ಕೊಂಡ. ಮುಗಿಯೋವರೆಗೂ ನಿಂತೇ ಇದ್ದ."

ಕದಿರಪ್ಪ ಬಾಗಿಲಿಂದ ತಿರುಗಿ ಬಂದ.

"ಅಣ್ಣನ ಹೆಸ್ರು ಏನಂದ?"

"ಕದಿರ... ಕದಿರಪ್ಪನೋ ಕದಿರೇಶನೋ. ಅದೂ ನಿಮ್ಮ ಕಡೆ ಊರಿಗೆ ಹತ್ತು ಇದಾವಲ್ಲ ಸಾರ್."

"ಯಾವೂರು? ಮಾಲೂರಾ?"

"ಇರಬಹುದು. ಮುಳಬಾಗಿಲೂ ಇರಬಹುದು. ನಂಗೊತ್ತಿಲ್ಲ."

"ಹಾಡು?"

"ಗಂಟಲು ಕಟ್ಟಿತ್ತು. ಬರೀ ಗಿಟಾರ್ ಬಾರಿಸಿದೆ. ಆ ಸೀಸನ್ನಲ್ಲಿ ಅರ್ಧಕ್ಕರ್ಧ ದಿನ ಹಂಗೇ ಆಗಿತ್ತು ಬಿಡಿ."

ಬರೀ ತಂತಿ ಎಂದು ಶಾಮಲಮ್ಮ ಹೇಳಿದ್ದಳು. ಆದರೆ ಅರ್ಧಕ್ಕರ್ಧ ದಿನ ಹಾಗೇ ಆಗಿದ್ದರೆ ಅದಕ್ಕೇನು ಬೆಲೆ? ಓಡಿ ಬಂದವನು ಕಪ್ಪಗಿದ್ದನೇ, ಸಣ್ಣಗಿದ್ದನೇ, ಎಡಗೆನ್ನೆಯಲ್ಲಿ ಮಚ್ಚೆ ಇತ್ತೇ ಎಂದು ಕದಿರಪ್ಪ ಕೇಳಿದ. ಲೈಟು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ ಎಂದ ಜಾನಿ. ಮತ್ತೆ ಮತ್ತೆ ಕೇಳಿದರೂ ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ವಕ್ಕಲೇರಿಯ ಬಸ್ಸು ಎದುರಿಗೇ ಬಂದು ನಿಂತು, ಜನ ತುಂಬಿಕೊಂಡು, ಹೊರಟೂ ಹೋಯಿತು. ಕದಿರಪ್ಪ ಅದನ್ನು ನೋಡುತ್ತ ಕೂತೇ ಇದ್ದ. ಅವನೇ ಆಗಿದ್ದರೆ ನನಗೆ ಯಾಕೆ ಹೇಳಲಿಲ್ಲ? ಅವನಲ್ಲದಿದ್ದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಹನ್ನೊಂದು ವರ್ಷದ ಹಿಂದೆ ಮಣ್ಣು ಮಾಡಿದವನನ್ನು ಯಾರು ಹೋಗಿ ಕೇಳುವುದು?

ರತ್ನಳಿಗೆ ಅವನು ಏನೂ ಹೇಳಲಿಲ್ಲ. ಜಾನಿಗೆ ಮಾತ್ರ ಹೇಳಿಕಳಿಸಿದ: ಹಳೇ ಥರವೇ ಕೂಗಿ, ಆಮೇಲೆ ಹಾಡಬೇಡಿ, ಗಿಟಾರ್ ಬಾರಿಸಿ.

ಮದುವೆಯ ದಿನ ಸಂಜೆ, ಇನ್ನೂ ಬಿಸಿಲಿರುವಾಗಲೇ, ಚಪ್ಪರದ ಮೂಲೆಯಲ್ಲಿ ಮೂರು ಮುದಿ ಸಿಲ್ವರ್ ಲ್ಯಾಂಪುಗಳು ನಿಂತವು. ಹೊಟ್ಟೆಗೆ ಅಡ್ಡವಾಗಿ ಗಿಟಾರು ನೇತುಹಾಕಿಕೊಂಡ ಜಾನಿ ಮೈಕನ್ನು ಎರಡು ಸಲ ತಟ್ಟಿದ.

"ಈ ಊರಿನ ನನ್ನ ಸ್ನೇಹಿತ... ಮುನಿಯಪ್ಪನಿಗೋಸ್ಕರ!"

ಗೊಲ್ಲೆಂದು ಚಪ್ಪರ ನಕ್ಕಿತು. ಅಲ್ಲೊಬ್ಬ ಮುನಿಯಪ್ಪ ಎದ್ದ, ಇಲ್ಲೊಬ್ಬ ಎದ್ದ, ಗಂಡಿನ ಕಡೆಯಿಂದ ಇಬ್ಬರು ಎದ್ದು ಪೇಟ ಸರಿಮಾಡಿಕೊಂಡರು. ಶಿಳ್ಳೆ ಬಿತ್ತು. ಗಿಟಾರು ಶುರುವಾಯಿತು. ತಮಾಷೆ ಮುಗಿಯಿತೆಂದು ಮುನಿಯಪ್ಪಂದಿರೆಲ್ಲ ಒಬ್ಬೊಬ್ಬರಾಗಿ ಕೂತರು.

ಆಗ ಕದಿರಪ್ಪ ಎದ್ದ.

"ಲೇ, ಕೂತ್ಕೊಳೋ," ಕೋದಂಡರಾಮಪ್ಪ ಅವನ ಪಂಚೆ ಎಳೆದ. "ಕೂಗಿದ್ದು ನಿನ್ನ ಹೆಸ್ರಲ್ಲ ಕಣೋ!"

"ಗೊತ್ತು ಕಣೋ," ಎಂದ ಕದಿರಪ್ಪ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಹಸೆಯ ಮೇಲೆ ಕೂತಿದ್ದ ರತ್ನ ಅವನನ್ನು ನೋಡಿದಳು. ಇದೇನಾ ದೊಡ್ಡಪ್ಪ ಎಂದು ಕಣ್ಣಲ್ಲೇ ಕೇಳಿದಳು. ಇದೋ ಅಲ್ಲವೋ, ಅವನಿಗೆ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿ, ಜಾನಿ ಕೊನೆಯ ತಂತಿ ಬಿಡುವವರೆಗೂ ಅಷ್ಟು ಜನರ ನಡುವೆ ಒಬ್ಬನೇ ನಿಂತಿದ್ದ.