ಎರಡನೇ ಭಾಗದಲ್ಲಿ ಹಗ್ಗ ಕಾಣುತ್ತದೆ

ಸಿನಿಮಾ ಬಿಡುಗಡೆಯಾದ ಮರುದಿನ ನಮ್ಮ ಲಾಂಡ್ರಿಯಲ್ಲಿ ಅದನ್ನು ಬೈಯದೆ ಇದ್ದವಳು ನಾನೊಬ್ಬಳೇ. ನಾನಿನ್ನೂ ನೋಡಿರಲಿಲ್ಲ.

"ದುಡ್ಡು ಕೊಟ್ಟು ತಲೆನೋವು ತಗೊಂಡು ಬಂದೆ," ಎಂದಳು ರೋಲರಿನ ಇನ್ನೊಂದು ತುದಿಯಲ್ಲಿ ನಿಲ್ಲುವ ನನ್ನ ಜೋಡಿ. ಹೋಟೆಲುಗಳಿಂದ ಬರುವ ಬೆಡ್‌ಶೀಟುಗಳನ್ನು ನಾವಿಬ್ಬರೂ ಸೇರಿ ಬಿಸಿ ರೋಲರಿನ ಬಾಯಿಗೆ ಕೊಡುತ್ತೇವೆ. ಎಡ ಮೂಲೆ ಅವಳದು, ಬಲ ಮೂಲೆ ನನ್ನದು. ಒಬ್ಬಳು ಎಳೆದು ಇನ್ನೊಬ್ಬಳು ಸಡಿಲ ಬಿಟ್ಟರೆ ಸುಕ್ಕು ಬೀಳುತ್ತದೆ. ಬಿದ್ದ ಸುಕ್ಕು ಆ ಬಿಸಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಮತ್ತೆ ಒದ್ದೆ ಮಾಡದೆ ಹೋಗುವುದಿಲ್ಲ.

"ಮೊದಲ್ನೇ ಭಾಗದಲ್ಲಿ ಹೀರೋ ಒದ್ರೆ ಇಲ್ಲಿ ನನ್ನ ಪಕ್ಕೆ ಹಿಡ್ಕೊಳ್ತಿತ್ತು," ಎಂದ ವ್ಯಾನ್ ಡ್ರೈವರ್. ಅವನನ್ನು ನಾವು ರೇಡಿಯೋ ಎಂದು ಕರೆಯುತ್ತೇವೆ, ಬಂದಾಗ ಶುರುವಾಗುತ್ತಾನೆ, ಹೋದಾಗಷ್ಟೇ ನಿಲ್ಲುತ್ತಾನೆ. "ಇದ್ರಲ್ಲಿ ಒದೀತಾ ಇದಾನೋ ಕಳೆದುಹೋದ ಚಪ್ಪಲಿ ಹುಡುಕ್ತಾ ಇದಾನೋ ಗೊತ್ತೇ ಆಗಲ್ಲ."

"ವಿಲನ್ನು ಪಾಪ, ಹೊಡೆತ ಬೀಳೋಕೆ ಮುಂಚೆನೇ ಬಿದ್ದುಬಿಡ್ತಾನೆ."

"ಅವನಿಗೂ ಮನೆಗೆ ಹೋಗೋ ಅರ್ಜೆಂಟು."

ಇಬ್ಬರೂ ನಕ್ಕರು. ನಾನೂ ತುಟಿ ಅಲ್ಲಾಡಿಸಿದೆ.

"ಎಲ್ಲ ಬಿಡು, ಆ ಟೆರೇಸಿಂದು ನೋಡ್ದೆ ತಾನೆ?" ಎಂದಳು ಜೋಡಿ. "ಹಗ್ಗ ಕಾಣ್ಸುತ್ತೆ ಕಣೋ! ಬೆನ್ನಿಗೆ ಕಟ್ಟಿರೋ ಹಗ್ಗ ಬಟ್ಟೆ ಒಣಗಿ ಹಾಕೋ ದಾರದ ಥರ ಎದ್ದು ಕಾಣ್ಸುತ್ತೆ. ಅಳಿಸೋಕೂ ಪುರುಸೊತ್ತಿಲ್ಲ ಮಹಾರಾಯರಿಗೆ."

"ಹಾರೋಕೆ ಮುಂಚೆ ಸೊಂಟ ಬೇರೆ ತುರಿಸ್ಕೊಳ್ತಾನೆ," ಎಂದ ರೇಡಿಯೋ, ತನ್ನ ಸೊಂಟ ತುರಿಸಿ ತೋರಿಸುತ್ತಾ.

ನನ್ನ ಮೂಲೆ ಕೈಜಾರಿತು. ಬೆಡ್‌ಶೀಟು ಓರೆಯಾಗಿ ಒಳಗೆ ಹೋಗಿ, ಉದ್ದಕ್ಕೂ ಸುಕ್ಕು ಹೊತ್ತುಕೊಂಡು ಆಚೆ ಬಂತು. ಜೋಡಿ ಅದನ್ನು ಎತ್ತಿ ಮತ್ತೆ ಒಗೆಯುವ ಬುಟ್ಟಿಗೆ ಎಸೆದು, ನನ್ನನ್ನು ಬೈಯದೆ ಇನ್ನೊಂದನ್ನು ಎತ್ತಿಕೊಂಡಳು. ಮನೆಯಲ್ಲಿ ನನ್ನ ತಮ್ಮ ಹಾಸಿಗೆ ಹಿಡಿದಿದ್ದಾನೆ ಎಂಬುದು ಅವಳಿಗೆ ಗೊತ್ತು. ಎಲ್ಲಿಂದ ಬಿದ್ದ ಎಂಬುದು ಗೊತ್ತಿಲ್ಲ.

ಅವನು ಬಿದ್ದದ್ದು ಆ ಟೆರೇಸಿನಿಂದ, ಈ ಎರಡನೇ ಭಾಗದ ಶೂಟಿಂಗಿನಲ್ಲಿ.

ಮೊದಲನೇ ಭಾಗದಲ್ಲಿ ಹೀರೋ ಬೆನ್ನು ತೋರಿಸಿದಾಗಲೆಲ್ಲ ಅದು ನನ್ನ ತಮ್ಮನ ಬೆನ್ನು. ಒದ್ದ ಕಾಲು, ಮುರಿದ ಬಾಗಿಲು, ಗಾಳಿಯಲ್ಲಿ ಸುತ್ತಿದ ದೇಹ ಎಲ್ಲ ಇವನದು; ಆಮೇಲೆ ಕೂದಲು ಹಿಂದೆ ತಳ್ಳಿಕೊಳ್ಳುವ ಮುಖ ಮಾತ್ರ ಹೀರೋದು. ಹಾರುವಾಗ ತಮ್ಮನ ಹಗ್ಗ ಹಿಡಿಯುತ್ತಿದ್ದವನು ನನ್ನ ಗಂಡ. ನನಗೆ ಗಂಡನಾಗುವ ಮೊದಲೇ ಅವನು ನನ್ನ ತಮ್ಮನ ಹಗ್ಗ ಹಿಡಿಯುತ್ತಿದ್ದ. ಹುಡುಗನ ಜೀವ ಹಿಡಿದವನ ಕೈಗೆ ಹುಡುಗಿಯನ್ನೂ ಕೊಟ್ಟರೆ ತಪ್ಪೇನು ಎಂದು ಅಮ್ಮ ಆಗ ಹೇಳಿದ್ದಳು.

ಹಗ್ಗ ಹಿಡಿಯುವವನು ಕ್ಯಾಮೆರಾಕ್ಕೆ ಕಾಣಬಾರದು. ನೀರಿನ ಟ್ಯಾಂಕಿನ ಹಿಂದೆಯೋ ಗೋಡೆಯ ಮರೆಯಲ್ಲೋ ನಿಂತಿರುತ್ತಾನೆ. ಹಾರುವವನಿಗೆ ಅವನು ಕಾಣುವುದಿಲ್ಲ, ಅವನಿಗೆ ಹಾರುವವನು ಕಾಣುವುದಿಲ್ಲ. ಅದಕ್ಕೇ ಹಗ್ಗದಲ್ಲೇ ಮಾತು. ಹಾರುವವನು ಕೈ ಹಿಂದೆ ಮಾಡಿ ಎರಡು ಸಲ ಎಳೆಯುತ್ತಾನೆ: ಇದ್ದೀಯಾ? ಹಿಡಿದವನು ಒಂದು ಸಲ ಎಳೆಯುತ್ತಾನೆ: ಇದ್ದೀನಿ. ಆಮೇಲೇ ಹಾರುವುದು. ಡೈರೆಕ್ಟರು ಎಷ್ಟೇ ಕೂಗಾಡಲಿ, ಉತ್ತರ ಬರದೆ ಹಾರುವ ಹಾಗಿಲ್ಲ.

ಅವತ್ತು ತಮ್ಮ ಕೇಳಲಿಲ್ಲ ಎಂದು ನನ್ನ ಗಂಡ ಹೇಳಿದ. ಆಸ್ಪತ್ರೆಯ ಕಾರಿಡಾರಿನಲ್ಲಿ, ಗೋಡೆಗೆ ಒರಗಿ. "ನಾನಿನ್ನೂ ಹಗ್ಗ ಕೈಗೆ ಸುತ್ಕೊಳ್ತಿದ್ದೆ. ಅಷ್ಟರಲ್ಲಿ ಹಾರೇಬಿಟ್ಟ." ಟ್ಯಾಂಕಿನ ಹಿಂದೆ ಬೇರೆ ಯಾರೂ ಇರಲಿಲ್ಲ. ನನ್ನ ತಮ್ಮನಿಗೆ ಆ ದಿನದ ನೆನಪು ಬೆಳಿಗ್ಗೆ ಶೂ ಲೇಸು ಕಟ್ಟುವಲ್ಲಿಗೆ ನಿಂತುಹೋಗಿದೆ. ಪ್ರಜ್ಞೆ ಬಂದು ವಿಷಯ ತಿಳಿದ ಮೇಲೆ ಅವನು ಮೊದಲು ಮಾಡಿದ ಕೆಲಸ ನನ್ನ ಗಂಡನ ಕೈ ಹಿಡಿದುಕೊಂಡು, "ತಪ್ಪಾಯ್ತು ಭಾವ, ನಿನ್ನ ಕೈಗೆ ಕೆಟ್ಟ ಹೆಸರು ತಂದೆ," ಎಂದದ್ದು. ಆಮೇಲೂ ಎಷ್ಟೋ ಸಲ ಅಂದಿದ್ದಾನೆ. ಎಷ್ಟೋ ಹುಡುಗರಿಗೆ ಕಲಿಸಿದವನು ತಾನು, ಮೊದಲು ಕೇಳಿ ಆಮೇಲೆ ಹಾರಿ ಅಂತ ತಲೆ ಮೇಲೆ ಮೊಟಕಿ ಕಲಿಸಿದವನು, ತಾನೇ ಕೇಳಲಿಲ್ಲ. ಕಾಲಿನ ಸ್ವಾಧೀನ ಹೋದದ್ದಕ್ಕಿಂತ ಅದೇ ಅವನನ್ನು ಹೆಚ್ಚು ತಿನ್ನುತ್ತಿತ್ತು. ಕಾಲು ಎಲ್ಲಿದೆ ಎಂದು ಅವನಿಗೆ ಈಗ ಗೊತ್ತಾಗುವುದಿಲ್ಲ; ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಆ ಶಾಟ್ ತೆಗೆದುಹಾಕಿದ್ದೇವೆ ಎಂದು ಸಿನಿಮಾದ ಮ್ಯಾನೇಜರು ಬಂದು ಹೇಳಿ ಹೋಗಿದ್ದ. ಉಪಕಾರ ಮಾಡಿದವನ ಮುಖ ಮಾಡಿಕೊಂಡು ಹೇಳಿದ್ದ.

ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ತಮ್ಮ ಹಾಸಿಗೆಯಿಂದ ಕೂಗಿದ್ದ: "ಅಕ್ಕಾ, ಸಂಜೆ ಒಂದು ಶೋ ನೋಡ್ಕೊಂಡು ಬಾರೇ. ಸಿನಿಮಾ ಅಲ್ಲ, ಜನಾನ ನೋಡು. ಏನಂತಾರೆ ಕೇಳ್ಕೊಂಡು ಬಂದು ಹೇಳು." ನನ್ನ ಗಂಡ ಷರಟಿನ ಗುಂಡಿ ಹಾಕಿಕೊಳ್ಳುತ್ತಾ, "ಅದನ್ನ ನೋಡಿ ಏನಾಗ್ಬೇಕು," ಎಂದ. ಅವನು ಸಿನಿಮಾದ ಕೆಲಸ ಬಿಟ್ಟಿದ್ದಾನೆ. ಈಗ ಒಂದು ಪೀಠೋಪಕರಣದ ಗೋದಾಮಿನಲ್ಲಿ ಸರಕಿನ ಲಿಫ್ಟ್ ನಡೆಸುತ್ತಾನೆ. ಅಲ್ಲಿ ಗುಂಡಿ ಒತ್ತಿದರೆ ಸಾಕು.

ಲಾಂಡ್ರಿ ಮುಗಿಸಿ ನೇರ ಥಿಯೇಟರಿಗೆ ಹೋದೆ. ಟಿಕೆಟ್ಟು ಸುಲಭವಾಗಿ ಸಿಕ್ಕಿತು. ಹಿಂದಿನ ಶೋ ಬಿಟ್ಟು ಜನ ಮೆಟ್ಟಿಲಿಳಿದು ಬರುತ್ತಿದ್ದರು. ನಾನು ಗೋಡೆಗೆ ಅಂಟಿ ನಿಂತು ತಮ್ಮ ಹೇಳಿದ ಹಾಗೆ ಕೇಳಿಸಿಕೊಂಡೆ.

"ಕತೆ ಇಲ್ಲ, ಕೊನೆಪಕ್ಷ ಏಟಾದ್ರೂ ಇರ್ಬೇಕಲ್ವಾ?"

"ಎಸಿ ಚೆನ್ನಾಗಿತ್ತು."

"ನಿನ್ನ ಮಾತು ಕೇಳಿ ಬಂದೆ ನೋಡು, ನನ್ನ ಬುದ್ಧಿಗೆ ಹೇಳ್ಬೇಕು."

"ನಾನು ಕರೆದೆನಾ? ನೀನೇ ಸೀಟಿ ಹಾಕ್ಕೊಂಡು ಬಂದಿದ್ದು."

ಕೋಲು ಊರಿಕೊಂಡು ಬಂದ ಮುದುಕರೊಬ್ಬರು ಮಗಳಿಗೆ ಹೇಳುತ್ತಿದ್ದರು: "ಹಳೇ ಸಿನಿಮಾದಲ್ಲಿ ಆ ಹುಡುಗನ ಮೈಯಲ್ಲಿ ಏನೋ ಇತ್ತಮ್ಮ. ಇದ್ರಲ್ಲಿ ಅದೇ ಹುಡುಗ, ಆದ್ರೆ ಯಾರೋ ಬೇರೆಯವನ ಥರ ಇದಾನೆ." ಮಗಳು, "ಎಲ್ಲರಿಗೂ ವಯಸ್ಸಾಗುತ್ತಪ್ಪ," ಎಂದಳು.

ಒಳಗೆ ಅರ್ಧಕ್ಕರ್ಧ ಖಾಲಿ. ನನ್ನ ಹಿಂದೆ ನಾಲ್ಕಾರು ಗೆಳೆಯರ ಗುಂಪು ಕೂತಿತ್ತು. ಪರದೆಯ ಮೇಲೆ ಹೊಡೆದಾಟ ಶುರುವಾದಾಗಲೆಲ್ಲ ಅವರಲ್ಲೊಬ್ಬ ಗಟ್ಟಿಯಾಗಿ ಆಕಳಿಸುತ್ತಿದ್ದ, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಮೊದಮೊದಲ ಜಗಳಗಳಲ್ಲಿ ಇದ್ದದ್ದು ನನಗೆ ಪರಿಚಯವಿಲ್ಲದ ಬೆನ್ನು. ಅದರ ಮೇಲೆ ನನಗೆ ಯಾವ ಭಾವನೆಯೂ ಹುಟ್ಟಲಿಲ್ಲ. ಕೆಲಸ ಮಾಡುತ್ತಿದೆ ಅನ್ನಿಸಿತು, ಅಷ್ಟೇ.

ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ಟೆರೇಸು ಬಂತು. ಅಂಚಿನಲ್ಲಿ ಒಬ್ಬ ನಿಂತಿದ್ದ. ಅವನ ಎಡ ಭುಜ ಬಲ ಭುಜಕ್ಕಿಂತ ಕೊಂಚ ಕೆಳಗಿತ್ತು, ಚಿಕ್ಕವನಿದ್ದಾಗ ನಾನು ಅವನನ್ನು ಹೊತ್ತು ತಿರುಗುತ್ತಿದ್ದ ಕಡೆಗೆ ವಾಲಿಕೊಂಡ ಹಾಗೆ.

"ಬಂತು ನೋಡ್ರೋ ಹಗ್ಗ!" ಎಂದ ಹಿಂದಿನ ಸಾಲಿನವನು.

ಹಗ್ಗ ನಿಜಕ್ಕೂ ಕಾಣುತ್ತಿತ್ತು. ತಮ್ಮನ ಕೈ ಹಿಂದೆ ಬಂತು. ಎಳೆಯಿತು. ಮತ್ತೆ ಎಳೆಯಿತು. "ತುರಿಸ್ಕೋ, ತುರಿಸ್ಕೋ!" ಎಂದು ಹಿಂದೆ ಕೂಗು. ಹಗ್ಗ ಒಂದು ಸಲ ಜಗ್ಗಿ ನೆಟ್ಟಗಾಯಿತು. ತಮ್ಮ ಹಾರಿದ. ಅವನು ಇನ್ನೂ ಗಾಳಿಯಲ್ಲಿದ್ದಾಗಲೇ ಹಗ್ಗ ಬಳುಕಿ ಜೋತುಬಿತ್ತು. ತಕ್ಷಣ ಕೆಳಗೆ ನೆಲದ ಮೇಲೆ ಹೀರೋ ಎದ್ದು ಕೂದಲು ಹಿಂದೆ ತಳ್ಳಿಕೊಂಡ.

"ಬೀಳೋಕೂ ಬರಲ್ಲ ಇವನಿಗೆ. ಗೋಣಿಚೀಲ ಎಸೆದಂಗಿದೆ."

ಇಡೀ ಥಿಯೇಟರು ನಕ್ಕಿತು. ಸಿನಿಮಾದುದ್ದಕ್ಕೂ ಜನ ಒಟ್ಟಿಗೆ ನಕ್ಕದ್ದು ಅದೊಂದೇ ಕಡೆ.

ನನಗೆ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಶೋ ಮುಗಿದ ಮೇಲೆ ಹೊರಗೆ ಬಂದು ಮುಂದಿನ ಶೋಗೆ ಇನ್ನೊಂದು ಟಿಕೆಟ್ಟು ತಗೊಂಡೆ. ಕೌಂಟರಿನ ಹೆಂಗಸು, "ಇದಕ್ಕೇನಾ?" ಎಂದು ಖಚಿತಪಡಿಸಿಕೊಂಡು, "ನಿಮ್ಮಿಷ್ಟ," ಎಂದು ಹರಿದುಕೊಟ್ಟಳು. ಟೆರೇಸಿನವರೆಗೆ ಕೂತಿದ್ದು ಎದ್ದು ಬಂದೆ. ಕಂಡದ್ದು ಅದೇ. ಅವನು ಕೇಳಿದ್ದ. ಹಗ್ಗ ಇದ್ದೀನಿ ಅಂದಿತ್ತು.

ಮನೆಗೆ ನಡೆದೇ ಹೋದೆ. ದಾರಿಯಲ್ಲಿ ಗಂಡ ಹೇಳಿದ ಮಾತು, ಹಗ್ಗ ಹೇಳಿದ ಮಾತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೇಳಿದರೆ ತಮ್ಮನ ಎದೆಯ ಮೇಲಿನ ಭಾರ ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಇರುವುದು ಎರಡು ಕೋಣೆ, ಅವನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವ ಶಕ್ತಿ ಇರುವುದು ಒಬ್ಬನಿಗೆ. ಔಷಧಿ ಅಂಗಡಿ, ಬೀಗ ಹಾಕಿದ ಶಾಲೆ, ಬೆಳಕಿನ ಕೆಳಗೆ ಟೈರಿನ ಪಂಕ್ಚರ್ ಹುಡುಕುತ್ತಿದ್ದವನು, ಎಲ್ಲ ಒಂದೊಂದಾಗಿ ಹಿಂದೆ ಸರಿದವು. ನಾನು ಏನೂ ತೀರ್ಮಾನಿಸಲಿಲ್ಲ.

ಮನೆಯಲ್ಲಿ ನನ್ನ ಗಂಡ ಹಾಸಿಗೆಯ ಕೊನೆಯಲ್ಲಿ ಪೇಪರು ಹಾಸಿಕೊಂಡು ಕೂತು ತಮ್ಮನ ಕಾಲುಗುರು ಕತ್ತರಿಸುತ್ತಿದ್ದ. ತಮ್ಮನ ಪಾದ ಅವನ ತೊಡೆಯ ಮೇಲಿತ್ತು.

"ಬಾ ಬಾ, ವರದಿಗಾರ್ತಿ," ಎಂದ ತಮ್ಮ. "ಏನಂದ್ರು ಜನ?"

ಹೇಳಿದೆ. ಚಪ್ಪಲಿ ಹುಡುಕುವುದು, ಏಟು ಬೀಳುವ ಮುಂಚೆಯೇ ಬೀಳುವ ವಿಲನ್, ಎಸಿ, ಆಕಳಿಸುವವನು, ಎಲ್ಲ. ತಮ್ಮ ದಿಂಬಿನಲ್ಲಿ ತಲೆ ಹೊರಳಿಸಿ ನಕ್ಕ. "ಅನುಭವಿಸ್ಲಿ! ನನ್ನ ಜಾಗಕ್ಕೆ ಬಂದ ಆ ಹೊಸ ಹುಡುಗನಿಗೆ ಸೊಂಟ ತಿರುಗಲ್ಲ ಅಂತ ನಾನು ಅವತ್ತೇ ಹೇಳಿದ್ದೆ. ಅಲ್ವಾ ಭಾವ?"

"ಹೂಂ," ಎಂದ ನನ್ನ ಗಂಡ.

ಮುದುಕರು ಹೇಳಿದ್ದನ್ನೂ ಹೇಳಿದೆ. ತಮ್ಮ ನಗು ನಿಲ್ಲಿಸಿದ. ಸೂರು ನೋಡಿದ. ಅವನು ಮುಂದೆ ಕೇಳದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ.

"ನಂದು ಏನೂ ಇಲ್ವಾ ಹಾಗಾದ್ರೆ? ಒಂದೂ?"

"ಇದೆ. ಟೆರೇಸಿಂದು."

ಉಗುರು ಕತ್ತರಿಸುವ ಸದ್ದು ನಿಂತಿತು.

"ತೆಗೆದಿದೀವಿ ಅಂದಿದ್ದನಲ್ಲ ಮ್ಯಾನೇಜರು."

"ತೆಗೆದಿಲ್ಲ. ಹಗ್ಗಾನೂ ಅಳಿಸಿಲ್ಲ. ಜನ ನಗ್ತಾರೆ." ನನ್ನ ದನಿ ರೋಲರಿನ ಹತ್ತಿರ ಮಾತಾಡುವಾಗಿನ ಹಾಗೆ ಗಟ್ಟಿಯಾಗಿತ್ತು. "ನೀನು ಕೇಳಿದೀಯ. ಎರಡು ಸಲ ಎಳೆದಿದೀಯ. ಉತ್ತರ ಬಂದಿದೆ. ಆಮೇಲೆ ಹಾರಿದೀಯ."

"ಕೇಳಿದೀನಾ?"

"ಕೇಳಿದೀಯ."

"ಸರಿಯಾಗಿ ನೋಡ್ದೆ ತಾನೆ? ಬರೀ ಕೈ ಆಡಿಸಿದ್ದಲ್ಲ?"

"ಎರಡು ಶೋ ನೋಡ್ದೆ."

ತಮ್ಮನ ಮುಖ ಅರಳಿತು. ಅವನು ಮೊದಲನೇ ಭಾಗದ ಪೋಸ್ಟರು ತಂದು ತೋರಿಸಿದ ದಿನದ ಮುಖ. "ನಾನು ಕೇಳಿದೀನಿ," ಎಂದ. "ಕೇಳೇ ಇರ್ತೀನಿ ಕಣೇ. ಕೇಳದೆ ಹೆಂಗೆ ಹಾರ್ತೀನಿ ನಾನು? ನಂಗೆ ನಂಬೋಕೇ ಆಗ್ತಿರ್ಲಿಲ್ಲ. ಭಾವ, ಕೇಳಿಸ್ಕೊಂಡ್ಯಾ, ನಾನು..."

ಅಷ್ಟಕ್ಕೆ ಮಾತು ನಿಂತಿತು. ಆ ಸಂತೋಷದ ಇನ್ನೊಂದು ಮಗ್ಗುಲು ಅವನಿಗೆ ಆಗ ಕಂಡಿತು.

ನನ್ನ ಗಂಡ ತಲೆ ಎತ್ತಲಿಲ್ಲ. ಪಾದದ ಹತ್ತಿರವೇ ಮಾತಾಡಿದ. "ಅವರು ಕೂಗಿದ್ರು. ಹೀರೋ. ನನ್ನ ಹೆಸರು ಹಿಡಿದು ಕೂಗಿದ್ರು. ಎರಡು ಸಿನಿಮಾದಲ್ಲಿ ಒಂದು ಸಲಾನೂ ಹೆಸರಲ್ಲಿ ಕರೆದಿರ್ಲಿಲ್ಲ, ಏಯ್ ಹಗ್ಗ, ಅಂತಿದ್ರು. ಅವತ್ತು ಹೆಸರು ಹೇಳಿದ್ರು. ತಿರುಗಿದೆ."

"ಯಾಕೆ ಕೂಗಿದ?" ಎಂದ ತಮ್ಮ.

"ನೀರಿನ ಬಾಟ್ಲಿ ನನ್ನ ಪಕ್ಕದಲ್ಲಿತ್ತು."

"ಕೊಟ್ಯಾ?"

"ಇಲ್ಲ. ಅಷ್ಟರಲ್ಲಿ ನೀನು..."

"ಪಾಪ," ಎಂದ ತಮ್ಮ. "ಬಾಯಾರಿತ್ತೇನೋ."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ನೀರು ತುಂಬುವ ಸದ್ದು ಕೊಡಪಾನದ ಕಂಠದವರೆಗೂ ಏರಿ ನಿಂತಿತು. ನನ್ನ ಗಂಡ ಆಗಲೇ ಕತ್ತರಿಸಿದ ಉಗುರಿಗೇ ಮತ್ತೆ ಕತ್ತರಿ ಹಿಡಿದ. ನಾನು ಉಗುರುಕತ್ತರಿ ಇಸಿದುಕೊಳ್ಳಲು ಕೈ ಚಾಚಿದೆ.

"ಬೇಡ ಅಕ್ಕ," ಎಂದ ತಮ್ಮ. ಅವನ ಕಣ್ಣು ಸೂರಿನ ಮೇಲೇ ಇತ್ತು. "ಅವನೇ ಮಾಡ್ಲಿ. ಇನ್ನೊಂದು ಕಾಲು ಪೂರ್ತಿ ಬಾಕಿ ಇದೆ."

ನನ್ನ ಗಂಡ ಆ ಪಾದ ಕೆಳಗಿಟ್ಟು ಇನ್ನೊಂದನ್ನು ತೊಡೆಯ ಮೇಲೆ ತೆಗೆದುಕೊಂಡ. ಹೆಬ್ಬೆರಳು ಹಿಡಿದ. ಒತ್ತಿದ. ಉಗುರಿನ ಮೂಲೆಯಲ್ಲಿ ರಕ್ತ ಜಿನುಗಿತು. ತಮ್ಮನಿಗೆ ಗೊತ್ತಾಗಲಿಲ್ಲ, ಅವನ ರೆಪ್ಪೆ ಕೂಡ ಅಲುಗಲಿಲ್ಲ. ನಾವಿಬ್ಬರೂ ರಕ್ತ ನೋಡಿದೆವು. ನನ್ನ ಗಂಡ ನನ್ನ ಮುಖ ನೋಡಿದ.

"ಕುಯ್ದುಬಿಟ್ಟೆ," ಎಂದ ಅವನು, ತಮ್ಮನಿಗೆ. "ಹೆಬ್ಬೆರಳು. ರಕ್ತ ಬರ್ತಿದೆ."

"ಜಾಸ್ತಿನಾ?"

"ಸ್ವಲ್ಪ."

"ಹೂಂ," ಎಂದ ತಮ್ಮ. "ಹತ್ತಿ ತಗೊಂಡು ಬಾರೇ ಅಕ್ಕ."

ಒಳಗೆ ಹೋದೆ. ಹತ್ತಿಯ ಡಬ್ಬಿ ಕಣ್ಣೆದುರಿನ ಗೂಡಿನಲ್ಲೇ ಇತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಹುಡುಕಿದೆ.